ಐಟಿಐಗೆ ₹60,000 ಕೋಟಿ: ಯಂತ್ರದ ಜೊತೆ ಹುಡುಗರ ಮನಸ್ಸೂ ಬರುತ್ತದೆಯೇ?

2025ರ ಅಕ್ಟೋಬರ್ 4ರಂದು ಪ್ರಧಾನಿ ನರೇಂದ್ರ ಮೋದಿ ಪಿಎಂ-ಸೇತು ಯೋಜನೆಗೆ ಚಾಲನೆ ಕೊಟ್ಟ ಮೇಲೆ ಐಟಿಐಗಳು ಮತ್ತೆ ಸುದ್ದಿಯಲ್ಲಿವೆ. ದೇಶದ 1,000 ಸರ್ಕಾರಿ ಐಟಿಐಗಳನ್ನು ಮೇಲ್ದರ್ಜೆಗೇರಿಸುವ ಯೋಜನೆ ಇದು. ವೆಚ್ಚ ₹60,000 ಕೋಟಿ. ಸುದ್ದಿ ಓದಿದವರಿಗೆ ಗೊಂದಲವಾಗುವುದು ಸಹಜ. ಕೆಲಸ ಬಲ್ಲ ಕೈಗಳು ಸಿಗುತ್ತಿಲ್ಲ ಎಂದು ಕಾರ್ಖಾನೆಯವರು ಹೇಳುತ್ತಲೇ ಇದ್ದಾರೆ. ಹಣ ಹಾಕಲು ಸರ್ಕಾರ ಸಿದ್ಧವಿದೆ. ಆದರೂ ಎಷ್ಟೋ ಐಟಿಐಗಳಲ್ಲಿ ಸೀಟು ಖಾಲಿ ಉಳಿಯುತ್ತವೆ. ಆಗಸ್ಟ್‌ನಲ್ಲಿ ಸೇರಿದ ಹುಡುಗರಲ್ಲೂ ಕೆಲವರು ದಸರಾ ರಜೆ ಮುಗಿದ ಮೇಲೆ ಇತ್ತ ಮುಖ ಹಾಕುವುದಿಲ್ಲ.

ಕೆಲಸ ಇದೆ, ಕಲಿಸುವ ಜಾಗ ಇದೆ, ದುಡ್ಡೂ ಬರುತ್ತಿದೆ. ಹಾಗಿದ್ದರೆ ಹುಡುಗ ಯಾಕೆ ನಿಲ್ಲುವುದಿಲ್ಲ? ಇದರ ಉತ್ತರದ ದೊಡ್ಡ ಭಾಗ ಯಂತ್ರದ ಬೆಲೆಯಲ್ಲಿಲ್ಲ, ವರ್ಕ್‌ಶಾಪಿನಲ್ಲಿ ಮೊದಲ ನಾಲ್ಕು ವಾರ ಬೋಧಕರು ಏನು ಮಾಡುತ್ತಾರೆ, ಏನು ಮಾಡಲು ಅವರಿಗೆ ಅನುಕೂಲವಿದೆ ಎಂಬುದರಲ್ಲಿದೆ.

ಹಣ ಎಲ್ಲಿಗೆ ಹೋಗುತ್ತದೆ

ಕೇಂದ್ರ ಸಂಪುಟ 2025ರ ಮೇ ತಿಂಗಳಲ್ಲಿ ಒಪ್ಪಿಗೆ ಕೊಟ್ಟ ಲೆಕ್ಕದಲ್ಲಿ ಕೇಂದ್ರದ ಪಾಲು ₹30,000 ಕೋಟಿ, ರಾಜ್ಯಗಳದ್ದು ₹20,000 ಕೋಟಿ, ಉದ್ಯಮಗಳದ್ದು ₹10,000 ಕೋಟಿ. 1,000 ಐಟಿಐಗಳಲ್ಲಿ 200 ಹಬ್ ಆಗುತ್ತವೆ, 800 ಸ್ಪೋಕ್. ಸರಳವಾಗಿ ಹೇಳುವುದಾದರೆ ಒಂದು ದೊಡ್ಡ ಐಟಿಐಗೆ ಸುತ್ತಲಿನ ಸರಾಸರಿ ನಾಲ್ಕು ಐಟಿಐಗಳು ಜೋಡಣೆಯಾಗುತ್ತವೆ; ದುಬಾರಿ ಯಂತ್ರ ಹಬ್‌ನಲ್ಲಿರುತ್ತದೆ, ಸುತ್ತಲಿನವರು ಬಂದು ಬಳಸಬೇಕು. ಆಡಳಿತದಲ್ಲಿ ಉದ್ಯಮದವರಿಗೂ ಪಾತ್ರವಿದೆ. ಐದು ವರ್ಷಗಳಲ್ಲಿ 20 ಲಕ್ಷ ಯುವಜನರಿಗೆ ತರಬೇತಿ ಕೊಡುವುದು ಗುರಿ.

ಸುದ್ದಿಯಲ್ಲಿ ಹೆಚ್ಚು ಕಾಣದ ಇನ್ನೊಂದು ಅಂಶ ಇದರಲ್ಲಿದೆ. ಭುವನೇಶ್ವರ, ಚೆನ್ನೈ, ಹೈದರಾಬಾದ್, ಕಾನ್ಪುರ ಮತ್ತು ಲುಧಿಯಾನದ ರಾಷ್ಟ್ರೀಯ ಕೌಶಲ ತರಬೇತಿ ಸಂಸ್ಥೆಗಳನ್ನು ಬಲಪಡಿಸಿ, 50,000 ಬೋಧಕರಿಗೆ ತರಬೇತಿ ಕೊಡುವ ಪ್ರಸ್ತಾವವೂ ಯೋಜನೆಯ ಭಾಗ. ಇಡೀ ₹60,000 ಕೋಟಿಯ ಭವಿಷ್ಯ ಈ ಒಂದು ಸಾಲಿನ ಮೇಲೆ ನಿಂತಿದೆ ಎಂಬುದು ನನ್ನ ಅಭಿಪ್ರಾಯ.

ಕರ್ನಾಟಕಕ್ಕೆ ಇದು ಹೊಸ ಅನುಭವವಲ್ಲ. ಟಾಟಾ ಟೆಕ್ನಾಲಜೀಸ್ ಸಹಯೋಗದಲ್ಲಿ ರಾಜ್ಯದ 150 ಸರ್ಕಾರಿ ಐಟಿಐಗಳು ₹4,700 ಕೋಟಿಗೂ ಹೆಚ್ಚು ವೆಚ್ಚದಲ್ಲಿ ತಂತ್ರಜ್ಞಾನ ಕೇಂದ್ರಗಳಾದವು. 2022ರ ಜೂನ್ 20ರಂದು ಬೆಂಗಳೂರಿನಲ್ಲಿ ಅವುಗಳ ಲೋಕಾರ್ಪಣೆಯಾಯಿತು. ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಿತ ಯಂತ್ರ), ರೋಬೊ, ತ್ರೀಡಿ ಪ್ರಿಂಟರ್ ತಾಲ್ಲೂಕು ಮಟ್ಟಕ್ಕೆ ಬಂದವು. ಯಂತ್ರ ಬಂದ ಮೇಲೆ ಏನೇನು ಮಾಡಬೇಕಾಗುತ್ತದೆ ಎಂಬ ಪ್ರಶ್ನೆಯನ್ನು ಬೇರೆ ಹಲವು ರಾಜ್ಯಗಳಿಗಿಂತ ಮೊದಲು ನಾವು ಎದುರಿಸಿದ್ದೇವೆ.

ಯಾರು ಏನು ಹೇಳುತ್ತಾರೆ

ಉದ್ಯಮದವರ ವಾದ: ಕೆಲಸದ ಖಾತ್ರಿ ಇದ್ದರೆ ಹುಡುಗರು ತಾವಾಗಿ ಬರುತ್ತಾರೆ. ಇದಕ್ಕೆ ಒಳ್ಳೆಯ ಆಧಾರವೇ ಇದೆ. ಡೆನ್ಮಾರ್ಕ್ ಸರ್ಕಾರದ ನೆರವಿನಿಂದ 1972ರಲ್ಲಿ ಆರಂಭವಾದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರದ (ಜಿಟಿಟಿಸಿ) ಡಿಪ್ಲೊಮಾದಲ್ಲಿ ಮೂರು ವರ್ಷ ಸಂಸ್ಥೆಯಲ್ಲಿ, ಒಂದು ವರ್ಷ ಕಾರ್ಖಾನೆಯಲ್ಲಿ ಕಲಿಕೆ. ಬಿಡದಿಯಲ್ಲಿ 2007ರಲ್ಲಿ ಆರಂಭವಾದ ಟೊಯೊಟಾದ ತರಬೇತಿ ಸಂಸ್ಥೆಗೆ ಗ್ರಾಮೀಣ ಮಕ್ಕಳು ಪೈಪೋಟಿಯಿಂದ ಸೇರುತ್ತಾರೆ. ಕಲಿಕೆಗೂ ಕಾರ್ಖಾನೆಗೂ ನಡುವಿನ ಸೇತುವೆ ಅಲ್ಲಿ ಕಣ್ಣಿಗೆ ಕಾಣುತ್ತದೆ.

ಇಲಾಖೆಯ ದೃಷ್ಟಿ ಹಾಜರಾತಿಯ ಮೇಲೆ. ಪರೀಕ್ಷೆಗೆ ಕೂರಲು 80% ಹಾಜರಾತಿ ಬೇಕು. ನಿಯಮ ಬಿಗಿ ಮಾಡಿದರೆ ಶಿಸ್ತು ಬರುತ್ತದೆ ಎಂಬ ನಂಬಿಕೆ ಅಲ್ಲಿ ಗಟ್ಟಿಯಾಗಿದೆ. ಬೋಧಕರ ಮಾತು ಬೇರೆ. ಕಿರಿಯ ತರಬೇತಿ ಅಧಿಕಾರಿಗಳ, ಅಂದರೆ ಕಾಯಂ ಬೋಧಕರ, ಹುದ್ದೆ ಖಾಲಿ ಇದ್ದಲ್ಲಿ ಅತಿಥಿ ಬೋಧಕರಿಂದ ಕೆಲಸ ನಡೆಯುತ್ತದೆ, ಕಚ್ಚಾವಸ್ತುವಿಗೆ ದುಡ್ಡು ಸಾಲುವುದಿಲ್ಲ, ಬರುವ ಮಕ್ಕಳಿಗೆ ಭಿನ್ನರಾಶಿಯೇ ಬರುವುದಿಲ್ಲ. ಇಷ್ಟರ ನಡುವೆ ಹುರುಪು ತುಂಬುವ ಹೊಣೆಯನ್ನೂ ನಮ್ಮ ಮೇಲೆ ಹೊರಿಸಿದರೆ ಹೇಗೆ? ಮನೆಯವರ ಲೆಕ್ಕ ಇನ್ನೂ ನೇರ: ಎರಡು ವರ್ಷ ಕಾಯುವ ಬದಲು ಡೆಲಿವರಿಗೋ ಗಾರೆ ಕೆಲಸಕ್ಕೋ ಹೋದರೆ ಈ ತಿಂಗಳೇ ಕೈಗೆ ಕಾಸು ಸಿಗುತ್ತದೆ.

ನಾಲ್ಕರಲ್ಲಿ ಯಾವುದೂ ಸುಳ್ಳಲ್ಲ. ಆದರೆ ಯಾವುದೂ ವರ್ಕ್‌ಶಾಪಿನೊಳಗಿನ ಒಂದು ಮಂಗಳವಾರದ ಬೆಳಗ್ಗೆಯನ್ನು ವಿವರಿಸುವುದಿಲ್ಲ. ಎರಡು ವರ್ಷದ ನಂತರದ ಕೆಲಸ, ಇವತ್ತು ಬೆಳಗ್ಗೆ ಹತ್ತು ಗಂಟೆಗೆ ವೈಸ್ (ಲೋಹದ ತುಂಡನ್ನು ಬಿಗಿಯಾಗಿ ಹಿಡಿಯುವ ಸಾಧನ) ಮುಂದೆ ನಿಂತು ಬೇಸತ್ತಿರುವ ಹದಿನಾರರ ಹುಡುಗನಿಗೆ ಬಹಳ ದೂರದ ಮಾತು. ಹಾಜರಾತಿ ನಿಯಮ ಅವನ ಮೈಯನ್ನು ಒಳಗೆ ತರಬಲ್ಲದು, ಕೈಯನ್ನು ಕೆಲಸಕ್ಕೆ ಹಚ್ಚಲಾರದು.

ಹುಡುಗ ಹಾಕುವ ಮೂರು ಲೆಕ್ಕ

ಕಲಿಯುವವರ ಮನಸ್ಸಿನ ಬಗ್ಗೆ ಅಮೆರಿಕದ ಮನೋವಿಜ್ಞಾನಿ ಜಾಕ್ವೆಲಿನ್ ಎಕಲ್ಸ್ ಮತ್ತು ಅವರ ಸಂಗಡಿಗರು ಕಟ್ಟಿದ ವಿವರಣೆಯೊಂದು ಇಲ್ಲಿ ಚೆನ್ನಾಗಿ ಹೊಂದುತ್ತದೆ. ಯಾವುದೇ ಕಲಿಕೆಯ ಮುಂದೆ ನಿಂತ ವಿದ್ಯಾರ್ಥಿ, ತನಗೇ ಗೊತ್ತಿಲ್ಲದಂತೆ ಮೂರು ಪ್ರಶ್ನೆ ಕೇಳಿಕೊಳ್ಳುತ್ತಾನೆ. ಇದು ನನ್ನಿಂದ ಆಗುತ್ತದೆಯೇ? ಆದರೆ ನನಗೇನು ಸಿಗುತ್ತದೆ? ಅದಕ್ಕಾಗಿ ನಾನು ಏನು ಕಳೆದುಕೊಳ್ಳಬೇಕು?

ನಮ್ಮ ಸಂಸ್ಥೆಗಳು ಎರಡನೆಯ ಪ್ರಶ್ನೆಗೆ ಮಾತ್ರ ಉತ್ತರ ಕೊಡುತ್ತವೆ. ಗೋಡೆಯ ಮೇಲೆ ಕಂಪನಿಗಳ ಹೆಸರು, ಪ್ರವೇಶದ ದಿನ ಪ್ಲೇಸ್‌ಮೆಂಟ್ ಭಾಷಣ. ಮೊದಲ ಪ್ರಶ್ನೆಯನ್ನು ಯಾರೂ ಮುಟ್ಟುವುದಿಲ್ಲ. ಐಟಿಐಗೆ ಬರುವವರಲ್ಲಿ ಬಹಳಷ್ಟು ಮಕ್ಕಳು ಎಸ್‌ಎಸ್‌ಎಲ್‌ಸಿಯಲ್ಲಿ ಕಡಿಮೆ ಅಂಕ ಪಡೆದವರು. ಹತ್ತು ವರ್ಷ ಅವರು ಕೇಳಿಸಿಕೊಂಡದ್ದು ‘ನಿನ್ನ ಕೈಲಿ ಆಗಲ್ಲ’ ಎಂಬ ಮಾತನ್ನೇ. ಪಿಯುಸಿ ಸಿಗಲಿಲ್ಲ, ಹಾಗಾಗಿ ಇಲ್ಲಿಗೆ ಬಂದೆ ಎಂಬ ಭಾವ ಹೊತ್ತು ಬರುತ್ತಾರೆ. ‘ನನ್ನಿಂದ ಆಗದು’ ಎಂದುಕೊಂಡವನಿಗೆ ಸಂಬಳದ ಆಸೆ ಎಷ್ಟು ತೋರಿಸಿದರೂ ಫಲವಿಲ್ಲ. ಆಗದ ಕೆಲಸದ ಕೊನೆಯಲ್ಲಿ ಏನಿದ್ದರೇನು? ಹಾಗಾಗಿ ಮೊದಲ ತಿಂಗಳ ಕೆಲಸ ಒಂದೇ: ‘ಆಗುತ್ತದೆ’ ಎಂಬುದನ್ನು ಅವನ ಕೈಗೇ ತೋರಿಸಿಕೊಡುವುದು.

ಮೊದಲ ನಾಲ್ಕು ವಾರ

ಲೋಹದ ಭಾಗಗಳನ್ನು ತಯಾರಿಸಿ ಜೋಡಿಸುವುದನ್ನು ಕಲಿಸುವ ಫಿಟ್ಟರ್ ಟ್ರೇಡ್‌ನ (ಕೋರ್ಸ್‌ನ) ಈಗಿನ ಪಠ್ಯಕ್ರಮದಲ್ಲಿ ವರ್ಷಕ್ಕೆ 1,200 ಗಂಟೆ. ಅದರಲ್ಲಿ 840 ಗಂಟೆ ಪ್ರಾಕ್ಟಿಕಲ್. ಒಂದು ಯೂನಿಟ್‌ಗೆ, ಅಂದರೆ ತಂಡಕ್ಕೆ, 20 ವಿದ್ಯಾರ್ಥಿಗಳು. ಆರಂಭದ ವಾರಗಳೆಲ್ಲ ಫೈಲಿಂಗ್‌ನಲ್ಲಿ ಕಳೆಯುತ್ತವೆ: ಎಂಎಸ್ ಫ್ಲ್ಯಾಟ್‌ನ (ಮೆದು ಉಕ್ಕಿನ ಪಟ್ಟಿಯ) ತುಂಡನ್ನು ಸಮತಟ್ಟಾಗಿ, ಮೂಲೆಗೆ ಸರಿಯಾಗಿ ಅರ ಹಾಕುವುದು. ಈ ಕೆಲಸ ಬೇಕೇ ಬೇಕು, ಕೈ ಕುದುರುವುದು ಇಲ್ಲಿಯೇ. ಆದರೆ ಹುಡುಗರು ಕಳಚಿಕೊಳ್ಳುವುದೂ ಇಲ್ಲಿಯೇ. ವಾರಗಟ್ಟಲೆ ತಿಕ್ಕಿದ ಜಾಬ್ (ಅಭ್ಯಾಸಕ್ಕೆ ಮಾಡುವ ವಸ್ತು) ಕೊನೆಗೆ ಸ್ಕ್ರ್ಯಾಪ್ ರಾಶಿಗೆ ಬೀಳುತ್ತದೆ. ಯಾಕೆ ಸರಿಯಾಗಲಿಲ್ಲ ಎಂಬುದು ಅವನಿಗೆ ತಿಳಿಯುವುದೇ ಇಲ್ಲ.

ಅನುಭವಿ ಬೋಧಕರು ಮೊದಲು ನೋಡುವುದು ವೈಸ್‌ನ ಎತ್ತರವನ್ನು. ದವಡೆಯ ಮೇಲ್ಭಾಗ ವಿದ್ಯಾರ್ಥಿಯ ಮೊಣಕೈ ಮಟ್ಟಕ್ಕಿರಬೇಕು. ಬೆಂಚುಗಳೆಲ್ಲ ಒಂದೇ ಎತ್ತರ, ಹುಡುಗರು ಮಾತ್ರ ಹಾಗಿಲ್ಲ. ಗಿಡ್ಡ ಇರುವವನಿಗೆ ಕಾಲಡಿ ಒಂದು ಮರದ ಹಲಗೆ ಬೇಕು. ಅದಿಲ್ಲದಿದ್ದರೆ ಭುಜ ಎತ್ತಿ ಅರ ತಳ್ಳುತ್ತಾನೆ, ಅರ್ಧ ಗಂಟೆಯಲ್ಲಿ ತೋಳು ಸೋಲುತ್ತದೆ, ತನಗೆ ಶಕ್ತಿಯೇ ಇಲ್ಲ ಎಂದುಕೊಳ್ಳುತ್ತಾನೆ. ಒಂದು ಹಲಗೆಯ ಕೊರತೆ ಹೀಗೆ ಆತ್ಮವಿಶ್ವಾಸದ ಕೊರತೆಯಾಗಿಬಿಡುತ್ತದೆ.

ಎರಡನೆಯದು ಒತ್ತಡ. ಅರ ಮುಂದೆ ಹೋಗಲು ಆರಂಭಿಸುವಾಗ ತುದಿ ಹಿಡಿದ ಎಡಗೈಯ ಒತ್ತಡ ಹೆಚ್ಚಿರಬೇಕು, ನಡುವೆ ಎರಡೂ ಕೈ ಸಮ, ಕೊನೆಯಲ್ಲಿ ಹಿಡಿಯ ಕಡೆಯ ಬಲಗೈಯದು ಹೆಚ್ಚು. ಹೊಸಬರು ಉದ್ದಕ್ಕೂ ಒಂದೇ ಸಮ ಒತ್ತುತ್ತಾರೆ. ಅರ ತೊಟ್ಟಿಲಿನಂತೆ ತೂಗುತ್ತದೆ, ಜಾಬ್‌ನ ಅಂಚುಗಳು ತಗ್ಗಿ ನಡು ಉಬ್ಬುತ್ತದೆ. ‘ಸರಿಯಾಗಿ ಹಾಕು’ ಎಂದು ನೂರು ಸಲ ಹೇಳಿದರೂ ಇದು ಸರಿಹೋಗುವುದಿಲ್ಲ. ಟ್ರೈ ಸ್ಕ್ವೇರ್ (ಮೂಲೆಮಟ್ಟ) ಇಟ್ಟು ಕಿಟಕಿಯ ಬೆಳಕಿಗೆ ಹಿಡಿದು, ‘ಬೆಳಕು ಎಲ್ಲಿ ತೂರುತ್ತಿದೆ ನೋಡು’ ಎಂದರೆ ಹುಡುಗನಿಗೆ ತಾನೇ ಕಾಣುತ್ತದೆ. ಎರಡೂ ತುದಿಯಲ್ಲಿ ಬೆಳಕು ಬಂದರೆ ನಡು ಉಬ್ಬಿದೆ ಎಂದರ್ಥ. ಇನ್ನು ಮೇಲೆ ಅವನು ಮೇಷ್ಟ್ರನ್ನು ಕೇಳಬೇಕಿಲ್ಲ, ಬೆಳಕನ್ನು ಕೇಳಿದರಾಯಿತು. ತನ್ನ ತಪ್ಪನ್ನು ತಾನೇ ಕಂಡು ತಿದ್ದಿಕೊಂಡ ಆ ಮಧ್ಯಾಹ್ನ ಕೊಡುವ ಹುರುಪು ಯಾವ ಭಾಷಣದಿಂದಲೂ ಬರುವುದಿಲ್ಲ.

ಮೂರನೆಯದು ಅಳತೆ. ಮೊದಲ ದಿನವೇ ವರ್ನಿಯರ್ ಎಂಬ ಸೂಕ್ಷ್ಮ ಅಳತೆ ಸಾಧನದ 0.02 ಮಿ.ಮೀ. ಲೆಕ್ಕವನ್ನು ಬೋರ್ಡಿನ ಮೇಲೆ ಬಿಡಿಸಿದರೆ ಅರ್ಧ ತರಗತಿ ಅಲ್ಲೇ ಹಿಂದೆ ಬೀಳುತ್ತದೆ. ಬದಲಿಗೆ ಎಲ್ಲರ ಕೈಗೂ ಒಂದು ಹತ್ತು ರೂಪಾಯಿ ನಾಣ್ಯ ಕೊಟ್ಟು ಅಳೆಯಲು ಹೇಳಬಹುದು. ಅದರ ವ್ಯಾಸ 27 ಮಿ.ಮೀ. ಇಪ್ಪತ್ತು ಉತ್ತರಗಳನ್ನು ಬೋರ್ಡಿನ ಮೇಲೆ ಬರೆದಾಗ ಕೆಲವು ದೂರ ಸಿಡಿದಿರುತ್ತವೆ. ಯಾಕೆ ಎಂದು ಹುಡುಕುವಾಗಲೇ ದವಡೆ ಓರೆಯಾಗಿ ಹಿಡಿದದ್ದು, ಉಪಕರಣದ ಸೊನ್ನೆ ಸರಿಯಿಲ್ಲದ್ದು ಎಲ್ಲ ಹೊರಬರುತ್ತವೆ. ಸೂತ್ರವನ್ನು ಮರುದಿನ ಹೇಳಿದರೂ ನಷ್ಟವಿಲ್ಲ.

ಜಾಬ್‌ನ ಆಯ್ಕೆಯೂ ಮುಖ್ಯ. ಸಮತಟ್ಟು ಮಾಡುವುದು, ಮಾರ್ಕಿಂಗ್, ಹ್ಯಾಕ್ಸಾದಿಂದ ಕೊಯ್ಯುವುದು, ತೂತು ಕೊರೆಯುವುದು ಇವೆಲ್ಲ ಬೇಕಾಗುವ ಒಂದು ಸಣ್ಣ ವಸ್ತುವನ್ನು ನಾಲ್ಕನೇ ವಾರಕ್ಕೆ ಇಟ್ಟುಕೊಳ್ಳಬಹುದು: ಬಾಗಿಲಿನ ಚಿಲಕದ ಪಟ್ಟಿ, ಡ್ರಿಲ್ ಗೇಜ್, ಹೆಸರು ಪಂಚ್ ಮಾಡಿದ ಪೇಪರ್‌ವೇಟ್. ಪಠ್ಯಕ್ರಮದ ಯಾವ ಅಭ್ಯಾಸವೂ ತಪ್ಪುವುದಿಲ್ಲ, ಆದರೆ ಹುಡುಗ ಮನೆಗೆ ಒಯ್ದು ಅಮ್ಮನಿಗೆ ತೋರಿಸುವ ವಸ್ತುವೊಂದು ಹುಟ್ಟುತ್ತದೆ. ನಿಖರತೆಯನ್ನು ಹಂತಹಂತವಾಗಿ ಬಿಗಿ ಮಾಡಬೇಕು. ಮೊದಲು ±0.5 ಮಿ.ಮೀ., ಅದು ಬಂದ ಮೇಲೆ ±0.2. ಮೊದಲ ವಾರವೇ ಕಾರ್ಖಾನೆಯ ಮಟ್ಟ ಕೇಳಿದರೆ ಎಲ್ಲರೂ ಫೇಲ್. ಯಾವ ಮಟ್ಟವನ್ನೂ ಇಡದಿದ್ದರೆ ಗೆದ್ದ ಸಂತೋಷವೇ ಇಲ್ಲ.

ಎರಡು ರಾಡ್‌ನಲ್ಲಿ ಕಲಿಯಲಾಗದು

ಇಷ್ಟೆಲ್ಲಕ್ಕೂ ಕಚ್ಚಾವಸ್ತು ಬೇಕು. ಬೋಧಕರ ದೂರು ಅತ್ಯಂತ ನ್ಯಾಯವಾಗಿರುವುದು ಈ ವಿಷಯದಲ್ಲಿ. 75 ಮಿ.ಮೀ. ಅಗಲ, 10 ಮಿ.ಮೀ. ದಪ್ಪದ ಎಂಎಸ್ ಫ್ಲ್ಯಾಟ್ ಮೀಟರಿಗೆ ಸುಮಾರು 5.9 ಕೆ.ಜಿ. ತೂಗುತ್ತದೆ. ತಲಾ 80 ಮಿ.ಮೀ. ತುಂಡಿನಂತೆ 20 ಜನರಿಗೆ 1.6 ಮೀಟರ್, ಅಂದರೆ ಒಂಬತ್ತೂವರೆ ಕೆ.ಜಿ. ಕೆಟ್ಟರೆ ಇನ್ನೊಂದು ಸಲ ಮಾಡಲು ಅವಕಾಶ ಕೊಡಬೇಕೆಂದರೆ 19 ಕೆ.ಜಿ. ಇದು ಒಂದೇ ಒಂದು ಅಭ್ಯಾಸದ ಲೆಕ್ಕ. ಎರಡನೇ ತುಂಡು ಇಲ್ಲದ ಕಡೆ ಮೊದಲ ತಪ್ಪೇ ಕೊನೆಯ ತಪ್ಪಾಗುತ್ತದೆ.

ವೆಲ್ಡರ್ ಟ್ರೇಡ್‌ನಲ್ಲಿ ಪರಿಸ್ಥಿತಿ ಇನ್ನೂ ತೀಕ್ಷ್ಣ. 3.15 ಮಿ.ಮೀ. ದಪ್ಪದ ಒಂದು ವೆಲ್ಡಿಂಗ್ ರಾಡ್ ಸುಮಾರು ಒಂದು ನಿಮಿಷದಲ್ಲಿ ಕರಗಿ ಮುಗಿಯುತ್ತದೆ. ದಿನಕ್ಕೆ ತಲಾ ಎರಡು ರಾಡ್ ಎಂದು ಹಂಚಿದರೆ ಹುಡುಗನಿಗೆ ಸಿಗುವ ನಿಜವಾದ ಅಭ್ಯಾಸ ಎರಡು ನಿಮಿಷ. ಕರೆಂಟ್ ಕಡಿಮೆ ಇಟ್ಟರೆ ರಾಡ್ ಅಂಟಿಕೊಳ್ಳುತ್ತದೆ; ಆರ್ಕ್‌ನ (ರಾಡ್ ತುದಿಗೂ ಲೋಹಕ್ಕೂ ನಡುವೆ ಉರಿಯುವ ವಿದ್ಯುತ್ ಜ್ವಾಲೆಯ) ಅಂತರ ಹೆಚ್ಚು ಕಡಿಮೆ ರಾಡ್‌ನ ದಪ್ಪದಷ್ಟೇ ಇರಬೇಕು, ಹೆಚ್ಚಾದರೆ ಲೋಹ ಚದುರುತ್ತದೆ. ಇವನ್ನು ಕೈ ಅರಿಯಲು ಹತ್ತಾರು ರಾಡ್ ಸುಡಲೇಬೇಕು. ಉಳಿದ ಎರಡು ಗಂಟೆ ಬೇರೆಯವರ ಬೆನ್ನು ನೋಡುತ್ತ ನಿಂತವನು ಮಧ್ಯಾಹ್ನ ಗೇಟು ದಾಟಿದರೆ ಅವನನ್ನು ಸೋಮಾರಿ ಎನ್ನುವುದು ನ್ಯಾಯವಲ್ಲ.

ಪ್ರಯೋಜನವನ್ನು ಹೇಳಬೇಡಿ, ಬರೆಸಿ

ಇನ್ನು ಎರಡನೆಯ ಪ್ರಶ್ನೆ: ಕಲಿತರೆ ನನಗೇನು? ‘ಇದು ಬಹಳ ಉಪಯೋಗ, ಮುಂದೆ ಗೊತ್ತಾಗುತ್ತದೆ’ ಎಂದು ಹೇಳುವುದು ನಮ್ಮಲ್ಲಿ ರೂಢಿ. ಕ್ರಿಸ್ ಹುಲ್ಮನ್ ಮತ್ತು ಜೂಡಿತ್ ಹರಕೆವಿಕ್ಜ್ 2009ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಯೋಗ ಬೇರೆ ದಾರಿ ತೋರಿಸಿತು. ಅಮೆರಿಕದ ಹೈಸ್ಕೂಲಿನ ವಿಜ್ಞಾನ ವಿದ್ಯಾರ್ಥಿಗಳಲ್ಲಿ ಒಂದು ಗುಂಪಿನವರು ಪಾಠದ ಸಾರಾಂಶ ಬರೆದರು, ಇನ್ನೊಂದು ಗುಂಪಿನವರು ಆ ಪಾಠಕ್ಕೂ ತಮ್ಮ ಬದುಕಿಗೂ ಇರುವ ನಂಟನ್ನು ಬರೆದರು. ತನ್ನಿಂದಾಗದು ಎಂದುಕೊಂಡಿದ್ದ ಮಕ್ಕಳಲ್ಲಿ, ನಂಟು ಬರೆದವರ ಆಸಕ್ತಿಯೂ ಅಂಕವೂ ಏರಿದವು. ಬೇರೆಯವರು ಹೇಳಿದ ಪ್ರಯೋಜನ ಕಿವಿಯಲ್ಲೇ ಉಳಿಯುತ್ತದೆ, ತಾನೇ ಹುಡುಕಿದ್ದು ಒಳಗಿಳಿಯುತ್ತದೆ. ಆತ್ಮವಿಶ್ವಾಸ ಕಡಿಮೆ ಇರುವವರಿಗೆ ಪ್ರಯೋಜನವನ್ನು ಬರೀ ಹೇಳುತ್ತ ಹೋದರೆ ಒತ್ತಡ ಹೆಚ್ಚಿ ಕೆಡುಕಾಗುವುದೂ ಉಂಟು.

ಐಟಿಐನಲ್ಲಿ ಇದಕ್ಕೆ ಹದಿನೈದು ದಿನಕ್ಕೊಮ್ಮೆ ಹತ್ತು ನಿಮಿಷ ಸಾಕು. ‘ಈ ವಾರ ಕಲಿತದ್ದರಲ್ಲಿ ಒಂದನ್ನು ನಿನ್ನ ಮನೆಯಲ್ಲೋ ಊರಲ್ಲೋ ಎಲ್ಲಿ ಕಂಡಿದ್ದೀಯ? ಐದು ಸಾಲು ಬರಿ.’ ಕನ್ನಡದಲ್ಲೇ ಬರೆಯಲಿ, ಕಾಗುಣಿತಕ್ಕೆ ಅಂಕ ಕಳೆಯಬಾರದು. ಉತ್ತರಗಳನ್ನು ಓದಿ ಮುಂದಿನ ಪಾಠಕ್ಕೆ ಅಲ್ಲಿಂದಲೇ ಉದಾಹರಣೆ ಎತ್ತಿಕೊಂಡರೆ ಮಾತ್ರ ಇದು ನಿಲ್ಲುತ್ತದೆ. ಓದದೆ ಸಹಿ ಹಾಕಿದರೆ ಮೂರನೇ ಸಲಕ್ಕೆ ಎಲ್ಲರೂ ಒಂದೇ ಪುಟ ನಕಲು ಮಾಡಿರುತ್ತಾರೆ.

ಎಲೆಕ್ಟ್ರಿಷಿಯನ್ ಟ್ರೇಡ್‌ನವರಿಗೆ ಇದು ಸುಲಭ. ಹಳ್ಳಿಯ ಮಕ್ಕಳ ಮನೆಯಲ್ಲಿ ಬೋರ್‌ವೆಲ್ ಇರುತ್ತದೆ, ಮೋಟಾರ್ ಸುಟ್ಟ ಕಷ್ಟ ಕಂಡಿರುತ್ತಾರೆ. ಮೂರು ಫೇಸ್‌ನಲ್ಲಿ ಒಂದು ಹೋದರೆ ಅದೇ ಹೊರೆ ಎಳೆಯಲು ಉಳಿದ ಎರಡು ಲೈನಿನಲ್ಲಿ ಕರೆಂಟ್ ಸುಮಾರು 1.73 ಪಟ್ಟು ಏರುತ್ತದೆ, ವೈಂಡಿಂಗ್ (ಮೋಟಾರ್ ಒಳಗಿನ ತಂತಿ ಸುರುಳಿ) ಬಿಸಿಯೇರುತ್ತದೆ, ಇನ್ಸುಲೇಶನ್ ಸುಟ್ಟುಹೋಗುತ್ತದೆ. ಸ್ಟಾರ್ಟರ್‌ನ ಪಕ್ಕದ ಸಿಂಗಲ್ ಫೇಸ್ ಪ್ರಿವೆಂಟರ್ ಅಷ್ಟರೊಳಗೆ ಮೋಟಾರ್ ನಿಲ್ಲಿಸುತ್ತದೆ. ಆ ಡಬ್ಬಿ ಟ್ರಿಪ್ ಆಗುತ್ತದೆಂದು ಅದನ್ನು ಬೈಪಾಸ್ ಮಾಡಿಸಿದ ಮನೆಗಳ ಮಕ್ಕಳೂ ತರಗತಿಯಲ್ಲಿ ಇರುತ್ತಾರೆ! ಪಾಠ ಇಲ್ಲಿಂದ ಶುರುವಾದರೆ ಫೇಸ್, ಲೋಡ್, ರಿಲೇ ಎಂಬ ಪದಗಳೆಲ್ಲ ಅಪ್ಪನ ಹೊಲದ ಮಾತುಗಳಾಗುತ್ತವೆ.

ಲೆಕ್ಕವನ್ನೂ ಹೀಗೆಯೇ ತರಬಹುದು. 3 ಮಿ.ಮೀ. ಡ್ರಿಲ್‌ಗೆ ಇಟ್ಟ, ನಿಮಿಷಕ್ಕೆ ಸುಮಾರು 3,200 ಸುತ್ತಿನ ವೇಗದಲ್ಲೇ 10 ಮಿ.ಮೀ. ಡ್ರಿಲ್ ಓಡಿಸಿದರೆ ಅದರ ಅಂಚು ನೀಲಿಯಾಗಿ ಸವೆದುಹೋಗುತ್ತದೆ. ಯಾಕೆ? ಅಂಚು ನಿಮಿಷಕ್ಕೆ 30 ಮೀಟರ್ ಓಡಬೇಕಾದಲ್ಲಿ 100 ಮೀಟರ್ ಓಡಿದೆ. ಸರಿಯಾದ ವೇಗ ಸುಮಾರು 950 ಸುತ್ತು. ಕೆಟ್ಟುಹೋದ ಡ್ರಿಲ್ ಒಂದನ್ನು ಮೇಜಿನ ಮೇಲಿಟ್ಟು ಲೆಕ್ಕ ಆರಂಭಿಸಿದರೆ, ಭಿನ್ನರಾಶಿಗೆ ಹೆದರುವ ಹುಡುಗನೂ ಭಾಗಾಕಾರ ಮಾಡುತ್ತಾನೆ.

ಅತಿಥಿ ಉಪನ್ಯಾಸದ ಬಗ್ಗೆ ಒಂದು ಮಾತು. ಕಂಪನಿಯ ದೊಡ್ಡ ಅಧಿಕಾರಿಯನ್ನು ಕರೆಸುವುದಕ್ಕಿಂತ ಒಂದೆರಡು ವರ್ಷದ ಹಿಂದೆ ಇದೇ ಬೆಂಚಿನಲ್ಲಿ ನಿಂತವನನ್ನು ಕರೆಸುವುದು ಮೇಲು. ಅವನು ಪಾಳಿಯ ಕಷ್ಟ, ಪಿಜಿಯ ಬಾಡಿಗೆ, ಕೈಗೆ ಬರುವ ಸಂಬಳ ಎಲ್ಲವನ್ನೂ ಹೇಳಲಿ. ಅಪ್ರೆಂಟಿಸ್‌ಶಿಪ್ ಹೇಗೆ ಸಿಕ್ಕಿತು, ಎರಡು ವರ್ಷದ ಟ್ರೇಡ್ ಮುಗಿಸಿ ಡಿಪ್ಲೊಮಾದ ಎರಡನೇ ವರ್ಷಕ್ಕೆ ನೇರ ಸೇರುವ ದಾರಿ ಹೇಗಿದೆ ಎಂಬುದನ್ನು ತಮ್ಮಂಥವನ ಬಾಯಿಂದ ಕೇಳಿದರೆ ಹುಡುಗರು ನಂಬುತ್ತಾರೆ.

ಒಂದು ಯಂತ್ರ, ಇಪ್ಪತ್ತು ಜನ

ಹೊಸ ಯೋಜನೆಯ ನಿಜವಾದ ಪರೀಕ್ಷೆ ಇಲ್ಲಿ. ಸಿಎನ್‌ಸಿ ಯಂತ್ರ ಒಂದು, ಹುಡುಗರು 20, ಸಮಯ ಮೂರು ಗಂಟೆ. ಎಲ್ಲರನ್ನೂ ಸುತ್ತ ನಿಲ್ಲಿಸಿದರೆ ತಲಾ ಒಂಬತ್ತು ನಿಮಿಷ. ವಾಸ್ತವದಲ್ಲಿ ಮುಂದೆ ನಿಂತ ನಾಲ್ವರಿಗೆ ಮಾತ್ರ ಯಂತ್ರ ಕಾಣುತ್ತದೆ. ಐದೈದು ಜನರ ನಾಲ್ಕು ಗುಂಪು ಮಾಡಿ, ಒಂದು ಗುಂಪು ಯಂತ್ರದ ಮೇಲೆ, ಇನ್ನೊಂದು ಕಂಪ್ಯೂಟರ್ ಸಿಮ್ಯುಲೇಟರ್‌ನಲ್ಲಿ, ಮತ್ತೊಂದು ಹಿಂದಿನ ಜಾಬ್ ಅಳೆಯುವುದರಲ್ಲಿ, ಉಳಿದದ್ದು ಡ್ರಾಯಿಂಗ್ ನೋಡಿ ಪ್ರೋಗ್ರಾಂ ಬರೆಯುವುದರಲ್ಲಿ ತೊಡಗಿದರೆ, ನಾಲ್ಕು ಅರ್ಧ ದಿನಗಳಲ್ಲಿ ಪ್ರತಿಯೊಬ್ಬನಿಗೂ ಯಂತ್ರದ ಮೇಲೆ 36 ನಿಮಿಷ ಸಿಗುತ್ತದೆ. ಕಾಯುವ ಹೊತ್ತೇ ಇಲ್ಲದಿರುವುದು ಇದರ ದೊಡ್ಡ ಲಾಭ. ಇದು ಕೆಡುವುದೂ ಒಂದೇ ಕಾರಣಕ್ಕೆ: ಉಳಿದ ಮೂರು ಗುಂಪುಗಳ ಕೆಲಸವನ್ನು ಮೊದಲೇ ಹಾಳೆಯಲ್ಲಿ ಬರೆದಿಡದಿದ್ದರೆ ಅವು ಹರಟೆಯ ಗುಂಪುಗಳಾಗುತ್ತವೆ.

ಇನ್ನೊಂದು ಅಪಾಯ ಬೀಗ. ದುಬಾರಿ ಯಂತ್ರ ಕೆಟ್ಟರೆ ಯಾರು ಹೊಣೆ ಎಂಬ ಭಯ ಬೋಧಕರನ್ನು ಕಾಡಿದರೆ, ಯಂತ್ರ ಬಟ್ಟೆ ಹೊದ್ದು ಕೂರುತ್ತದೆ. ತನ್ನನ್ನು ನಂಬಿ ಮುಟ್ಟಲು ಬಿಡದ ಯಂತ್ರವನ್ನು ದಿನವೂ ಗಾಜಿನಾಚೆ ನೋಡುವ ಹುಡುಗನಿಗೆ ಅದು ಹೇಳುವುದು ಹಳೆಯ ಮಾತನ್ನೇ: ನಿನ್ನ ಕೈಲಿ ಆಗಲ್ಲ. ಕಲಿಯುವಾಗ ಟೂಲ್ ಮುರಿಯುವುದನ್ನು ಖರ್ಚಿನ ಲೆಕ್ಕದಲ್ಲೇ ಸೇರಿಸಿ, ಬೋಧಕರ ಮೇಲೆ ವಸೂಲಿಯ ಕತ್ತಿ ತೂಗದಂತೆ ಲಿಖಿತ ಆದೇಶ ಬೇಕು.

ಎಲ್ಲರಿಗೂ ಒಂದೇ ಅಂಕವಾದರೆ

ಪ್ರಾಕ್ಟಿಕಲ್‌ನಲ್ಲಿ ಪಾಸಾಗಲು 60% ಬೇಕು, ಥಿಯರಿಯಲ್ಲಿ 33%. ಕೈಕೆಲಸಕ್ಕೆ ಪಠ್ಯಕ್ರಮ ಕೊಟ್ಟ ತೂಕ ಇದರಲ್ಲೇ ಗೊತ್ತಾಗುತ್ತದೆ. ಆದರೆ ಆಂತರಿಕ ಅಂಕವನ್ನು ಎಲ್ಲರಿಗೂ ಹೆಚ್ಚುಕಡಿಮೆ ಒಂದೇ ರೀತಿ ಹಾಕಿದರೆ ಚೆನ್ನಾಗಿ ಮಾಡಿದವನು ಯಾಕೆ ಚೆನ್ನಾಗಿ ಮಾಡಬೇಕು? ರೆಕಾರ್ಡ್ ಬುಕ್ಕಿನದೂ ಇದೇ ಕಥೆ, ಹಿರಿಯರದನ್ನು ನೋಡಿ ನಕಲು ಮಾಡುವ ಕೆಲಸವಾಗಿ ಉಳಿದಿದೆ. ಸಣ್ಣ ಬದಲಾವಣೆ ಸಾಕು. ಪ್ರತಿ ಜಾಬ್‌ಗೆ ಒಂದು ಪುಟ, ಅದರಲ್ಲಿ ಮೂರು ಕಾಲಂ: ನಾನು ಅಳೆದದ್ದು, ಪಕ್ಕದವನು ಅಳೆದದ್ದು, ಮೇಷ್ಟ್ರು ಅಳೆದದ್ದು. ಕೆಳಗೆ ‘ಮುಂದಿನ ಸಲ ಏನು ಬದಲಿಸುತ್ತೇನೆ’ ಎಂಬ ಒಂದು ಸಾಲು. ಮೂರೂ ಅಳತೆ ಹತ್ತಿರ ಬರುತ್ತ ಹೋಗುವುದನ್ನು ಹುಡುಗ ತಾನೇ ಪುಟ ತಿರುಗಿಸಿ ನೋಡಬಹುದು.

ತಿಂಗಳಿಗೊಮ್ಮೆ ಪ್ರತಿಯೊಬ್ಬರೊಡನೆ ಐದು ನಿಮಿಷ ಕೂತು ಈ ಪುಟಗಳನ್ನು ತಿರುವಿದರೆ 20 ಜನರಿಗೆ 100 ನಿಮಿಷ. ‘ಯಾವುದು ಚೆನ್ನಾಗಿ ಬಂತು? ಎಲ್ಲಿ ಸಿಕ್ಕಿಕೊಂಡೆ? ಬರಲು ಏನಾದರೂ ತೊಂದರೆ ಇದೆಯಾ?’ ಮೂರೇ ಪ್ರಶ್ನೆ. ಎರಡು ದಿನ ಕಾಣದವನ ಮನೆಗೆ ಮೂರನೇ ದಿನ ಫೋನು ಹೋಗಬೇಕು. ಗದರಿಸಲು ಅಲ್ಲ, ಏನಾಯಿತಪ್ಪ ಎಂದು ಕೇಳಲು. ಎರಡು ವಾರ ಕಳೆದ ಮೇಲೆ ಮಾಡಿದ ಫೋನಿಗೆ ಅವನು ಡೆಲಿವರಿ ಬೈಕಿನ ಮೇಲಿಂದ ಉತ್ತರಿಸುತ್ತಾನೆ.

ಹುಡುಗಿಯರ ಮಾತು

2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ರಾಜ್ಯದ ಹೆಣ್ಣುಮಕ್ಕಳಿಗೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಖರ್ಚಿಲ್ಲ. ಮೂರನೆಯ ಪ್ರಶ್ನೆಯ, ಅಂದರೆ ತೆರಬೇಕಾದ ಬೆಲೆಯ, ಒಂದು ಭಾಗ ಇಳಿದಿದೆ. ಆದರೆ ವರ್ಕ್‌ಶಾಪಿಗೆ ಬಂದ ಹುಡುಗಿಗೆ ‘ನೀನು ರೆಕಾರ್ಡ್ ಬರಿ, ಅವರು ಮೋಟಾರ್ ಬಿಚ್ಚಲಿ’ ಎಂದರೆ ಉಳಿದದ್ದೆಲ್ಲ ವ್ಯರ್ಥ. ಗುಂಪಿನ ಪಾತ್ರಗಳನ್ನು ಸರದಿಯ ಮೇಲೆ ಹಂಚಿ, ಪಟ್ಟಿಯನ್ನು ಗೋಡೆಗೆ ಅಂಟಿಸಿದರೆ ಸ್ಪ್ಯಾನರ್ ಅವಳ ಕೈಗೂ ಬರುತ್ತದೆ. ಶೌಚಾಲಯ ಸರಿಯಿಲ್ಲದ ಕಡೆ ಈ ಯಾವ ಉಪಾಯವೂ ನಡೆಯುವುದಿಲ್ಲ.

ಸ್ಟೈಪೆಂಡ್ ಕೊಟ್ಟರೆ ಸಾಲದೇ?

ಹಣವೇ ಹುರುಪು ತರುತ್ತದೆ ಎಂಬ ವಾದಕ್ಕೆ ಎಚ್ಚರಿಕೆಯ ಉತ್ತರ ಬೇಕು. ಎಡ್ವರ್ಡ್ ಡೆಸಿ 1971ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಒಗಟು ಬಿಡಿಸಲು ಹಣ ಪಡೆದ ಕಾಲೇಜು ವಿದ್ಯಾರ್ಥಿಗಳು ಹಣ ನಿಂತ ಮೇಲೆ ಅದರತ್ತ ಮೊದಲಿಗಿಂತ ಕಡಿಮೆ ಒಲವು ತೋರಿದರು. ಹಾಗೆಂದು ಬಡ ಮನೆಯ ಮಕ್ಕಳಿಗೆ ಸ್ಟೈಪೆಂಡ್ ಬೇಡ ಎನ್ನುವುದು ದೊಡ್ಡ ತಪ್ಪು. ಅವರಿಗೆ ಹಣ ಬೇಕಿರುವುದು ಬಸ್ಸಿಗೆ, ಊಟಕ್ಕೆ. ಅದು ಬಾಗಿಲು ತೆರೆಯುತ್ತದೆ, ಒಳಗೆ ಬಂದವನು ಕಲಿಯುವಂತೆ ಮಾಡುವುದು ಬೇರೆ ಕೆಲಸ. ಅಪ್ರೆಂಟಿಸ್‌ಗಳ ಸ್ಟೈಪೆಂಡ್‌ನಲ್ಲಿ 25%, ತಿಂಗಳಿಗೆ ₹1,500 ಮೀರದಂತೆ, ಕೇಂದ್ರ ಸರ್ಕಾರವೇ ಭರಿಸುವ ವ್ಯವಸ್ಥೆ ಈಗಾಗಲೇ ಇದೆ. ಆದರೆ ಅದು ಅಪ್ರೆಂಟಿಸ್ ಆದವನಿಗೆ. ಅಲ್ಲಿಯವರೆಗೆ ಅವನನ್ನು ಹಿಡಿದು ನಿಲ್ಲಿಸಬೇಕಾದ ಎರಡು ವರ್ಷ ಬೋಧಕರ ಕೈಯಲ್ಲಿದೆ.

ಪಠ್ಯಕ್ರಮದಲ್ಲಿರುವ 150 ಗಂಟೆಯ ಕಾರ್ಖಾನೆ ತರಬೇತಿಯೂ ಎಚ್ಚರ ತಪ್ಪಿದರೆ ತಿರುಗುಬಾಣವಾಗುತ್ತದೆ. ಪ್ಯಾಕಿಂಗ್‌ಗೂ ಕಸ ಗುಡಿಸಲೂ ಹಚ್ಚಿದರೆ, ಇದಕ್ಕಾಗಿ ಕಲಿಯಬೇಕಿತ್ತೇ ಎಂದು ಹುಡುಗ ಮರಳುತ್ತಾನೆ. ಕಳಿಸುವ ಮೊದಲೇ, ಮಾಡಿಸಲೇಬೇಕಾದ ಹತ್ತು ಕೆಲಸಗಳ ಪಟ್ಟಿಗೆ ಸೂಪರ್‌ವೈಸರ್ ಸಹಿ ಹಾಕುವಂತಿರಬೇಕು.

ಮುಂದೆ ಏನಾಗಬಹುದು

ಹಣ ಹೆಚ್ಚಾಗಿ ಕಟ್ಟಡ ಮತ್ತು ಯಂತ್ರಕ್ಕೆ ಹೋಗಿ, ರಾಡ್, ಫ್ಲ್ಯಾಟ್, ಟೂಲ್‌ಗಳ ವಾರ್ಷಿಕ ಖರ್ಚು ಹಳೆಯ ಮಟ್ಟದಲ್ಲೇ ಉಳಿದರೆ, ಹಬ್‌ಗಳು ಹೊರಗಿನಿಂದ ಹೊಳೆಯುತ್ತವೆ, ಒಳಗೆ ಕಾಯುವ ಸಾಲು ಉದ್ದವಾಗುತ್ತದೆ. ಸ್ಪೋಕ್‌ನ ಮಕ್ಕಳ ಪಾಡು ಇನ್ನೂ ಕಷ್ಟ. ಇನ್ನೊಂದು ಊರಿನ ಯಂತ್ರ ಮುಟ್ಟಲು ಹೋಗಿಬರುವ ದಿನವೇ ಮುಗಿದುಹೋಗಬಹುದು. 50,000 ಬೋಧಕರ ತರಬೇತಿ ಹೊಸ ಯಂತ್ರದ ಗುಂಡಿ ಪರಿಚಯಕ್ಕೆ ಸೀಮಿತವಾದರೆ ಆಗುವುದೂ ಇದೇ. ಆ ತರಬೇತಿಯ ಒಂದು ಭಾಗವನ್ನು ತರಗತಿ ನಡೆಸುವ ಕಲೆಗೆ ಮೀಸಲಿಡಬೇಕು: ಮೊದಲ ತಿಂಗಳ ಜಾಬ್‌ಗಳ ಆಯ್ಕೆ, ಗುಂಪು ಮಾಡುವುದು, ತಪ್ಪನ್ನು ತೋರಿಸಿಕೊಡುವ ಬಗೆ. ಅತಿಥಿ ಬೋಧಕರನ್ನೂ ಅದರಲ್ಲಿ ಸೇರಿಸಬೇಕು, ಏಕೆಂದರೆ ಬಹಳ ಕಡೆ ವೈಸ್‌ನ ಪಕ್ಕ ದಿನವಿಡೀ ನಿಲ್ಲುವವರು ಅವರೇ.

ಯೋಜನೆಯ ಪ್ರಗತಿಯನ್ನು ಅಳೆಯುವವರು ಖರೀದಿಸಿದ ಯಂತ್ರಗಳ ಪಟ್ಟಿಯ ಜೊತೆ ಇನ್ನೂ ಮೂರು ಅಂಕಿಗಳನ್ನು ಕೇಳಬೇಕು. ಯಂತ್ರ ತಿಂಗಳಲ್ಲಿ ಎಷ್ಟು ಗಂಟೆ ವಿದ್ಯಾರ್ಥಿಗಳ ಕೈಯಲ್ಲಿ ಓಡಿತು? ತಲಾ ಎಷ್ಟು ಕೆ.ಜಿ. ಕಚ್ಚಾವಸ್ತು ಬಳಕೆಯಾಯಿತು? ಆಗಸ್ಟ್‌ನಲ್ಲಿ ಸೇರಿದ 20 ಜನರಲ್ಲಿ ಜನವರಿಯಲ್ಲಿ ಎಷ್ಟು ಜನ ಬೆಂಚಿನ ಮುಂದೆ ಇದ್ದಾರೆ? ಈ ಮೂರನ್ನೂ ಪ್ರತಿ ಯೂನಿಟ್‌ನ ಬಾಗಿಲ ಪಕ್ಕದ ಬೋರ್ಡಿನಲ್ಲಿ ಬರೆಯಬಹುದು. ಮಗನನ್ನು ಸೇರಿಸಲು ಬಂದ ಅಪ್ಪ ಒಳಗೆ ಕಾಲಿಡುವ ಮೊದಲೇ ಓದಿಕೊಳ್ಳಲಿ.